ಹತ್ತೆಕರೆ ತೋಟ ವೆಬ್ ನಕ್ಷೆಯಲ್ಲಿ ಹತ್ತೂವರೆ ಆದದ್ದು ಹೇಗೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಹಾಸನ, ಚಿಕ್ಕಮಗಳೂರು ಕಡೆಯಿಂದ ವೆಬ್ ನಕ್ಷೆಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಪ್ರೊಜೆಕ್ಷನ್ನಿಗೇ ಬಂದು ನಿಂತಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರ: ಕಾಫಿ ತೋಟದ ಗಡಿಯನ್ನು ಜಿಪಿಎಸ್‌ನಲ್ಲಿ ಗುರುತಿಸಿ ನಮ್ಮದೇ ವೆಬ್ ನಕ್ಷೆಗೆ ಹಾಕಿದ್ದೇವೆ. ಪಹಣಿಯಲ್ಲಿ ಹತ್ತು ಎಕರೆ. ನಕ್ಷೆ ಹತ್ತು ಎಕರೆ ಇಪ್ಪತ್ನಾಲ್ಕು ಗುಂಟೆ ಎನ್ನುತ್ತದೆ. ಎರಡನೇ ಸಲ ಸುತ್ತಿ ಅಳೆದರೂ ಹೆಚ್ಚುಕಡಿಮೆ ಅಷ್ಟೇ. ಸರ್ವೆಯವರು ತಪ್ಪಿದರೋ, ನಕ್ಷೆಯೋ?
ತೋಟದ ಮಾಲೀಕರು, ಮೂಡಿಗೆರೆ

ಉ: ಸರ್ವೆಯವರನ್ನು ಬಿಟ್ಟುಬಿಡಿ. ಎರಡು ಸಲವೂ ಅಷ್ಟೇ ಬಂತು ಎಂದಿರಲ್ಲ, ಅಲ್ಲೇ ಗುಟ್ಟು ಇದೆ. ಜಿಪಿಎಸ್‌ನ ತಪ್ಪಾಗಿದ್ದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತಿತ್ತು. ಪ್ರತಿ ಸಲ ಒಂದೇ ಅಳತೆಗೆ ಹೆಚ್ಚು ಬಂದರೆ ಅದು ಪ್ರೊಜೆಕ್ಷನ್ನಿನ ಕೆಲಸ.

ದುಂಡು ಭೂಮಿಯನ್ನು ಚಪ್ಪಟೆ ಪರದೆಗೆ ಇಳಿಸುವ ಲೆಕ್ಕವೇ ಪ್ರೊಜೆಕ್ಷನ್. ವೆಬ್ ನಕ್ಷೆಗಳಲ್ಲಿ ಬಹುಪಾಲು ಬಳಸುವುದು ವೆಬ್ ಮರ್ಕೇಟರ್, ಇಪಿಎಸ್‌ಜಿ ಸಂಖ್ಯೆ 3857. (ಪ್ರೊಜೆಕ್ಷನ್ನುಗಳಿಗೂ ಅಕ್ಷಾಂಶ ರೇಖಾಂಶ ಪದ್ಧತಿಗಳಿಗೂ ಕೊಟ್ಟ ಗುರುತಿನ ಸಂಖ್ಯೆ ಇದು.) ಇದರ ಮೂಲವಾದ ಮರ್ಕೇಟರ್ ನಕ್ಷೆ 1569ರದ್ದು. ಹಡಗಿನವರು ದಿಕ್ಸೂಚಿಯ ಒಂದೇ ಕೋನ ಹಿಡಿದು ಹೋದ ದಾರಿ ನಕ್ಷೆಯಲ್ಲಿ ನೇರ ಗೆರೆಯಾಗಲಿ ಎಂದು ಗೆರಾರ್ಡಸ್ ಮರ್ಕೇಟರ್ ಮಾಡಿದ್ದು. ಆ ಅನುಕೂಲಕ್ಕಾಗಿ ಅಳತೆಯನ್ನು ಬಿಟ್ಟುಕೊಟ್ಟ. ಸಮಭಾಜಕದಿಂದ ದೂರ ಹೋದಷ್ಟೂ ಅದರಲ್ಲಿ ಎಲ್ಲವೂ ಹಿಗ್ಗುತ್ತದೆ. 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಉಳಿದವರೂ ಅದೇ ಹಾದಿ ಹಿಡಿದರು. ಕಾರಣಗಳೂ ಇದ್ದವು: ಊರಿನ ಬೀದಿ ಮೂಲೆ ಎಲ್ಲಿ ನೋಡಿದರೂ ಮೂಲೆಯಾಗಿಯೇ ಕಾಣುತ್ತದೆ, ಉತ್ತರ ಯಾವಾಗಲೂ ಮೇಲೆ, 85.05 ಡಿಗ್ರಿಗೆ ಕತ್ತರಿಸಿದರೆ ಇಡೀ ಲೋಕ ಒಂದು ಚೌಕ, ಅದನ್ನು ನಾಲ್ಕು ನಾಲ್ಕಾಗಿ ಸೀಳುತ್ತ ಹೋದರೆ ಟೈಲುಗಳು, ಎಂದರೆ ನಕ್ಷೆ ಜೋಡಿಸುವ ಚೌಕ ಚಿತ್ರಗಳು, ಸಿದ್ಧ.

ಈಗ ನಿಮ್ಮ ತೋಟ. ಮೂಡಿಗೆರೆಯ ಅಕ್ಷಾಂಶ ಸುಮಾರು 13.13. ಹಿಗ್ಗುವ ಪ್ರಮಾಣ ಎಂದರೆ ಒಂದನ್ನು ಆ ಅಕ್ಷಾಂಶದ ಕೊಸೈನ್‌ನಿಂದ ಭಾಗಿಸಿದಷ್ಟು: ಉದ್ದದಲ್ಲಿ 1.027, ವಿಸ್ತೀರ್ಣದಲ್ಲಿ 1.054. ನಾನೂರು ಗುಂಟೆಗೆ 22 ಗುಂಟೆ ಹೆಚ್ಚುವರಿ. ಉಳಿದ ಎರಡು ಗುಂಟೆ ಬಂದದ್ದು ಇನ್ನೊಂದು ಕಡೆಯಿಂದ. ಜಿಪಿಎಸ್ ಕೊಡುವ ಅಕ್ಷಾಂಶ ರೇಖಾಂಶಗಳು ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾದ ಡಬ್ಲ್ಯುಜಿಎಸ್ 84 ಎಂಬ ಭೂಮಿಯ ಮಾದರಿಯವು. ವೆಬ್ ಮರ್ಕೇಟರ್ ಸೂತ್ರವೋ ಲೆಕ್ಕ ಬೇಗ ಆಗಲೆಂದು ಭೂಮಿಯನ್ನು ಪೂರ್ತಿ ಗೋಳವೆಂದುಕೊಳ್ಳುತ್ತದೆ. ಇದರಿಂದ ನಿಮ್ಮಲ್ಲಿ ಪೂರ್ವ ಪಶ್ಚಿಮ 2.7%, ಉತ್ತರ ದಕ್ಷಿಣ 3.3% ಹಿಗ್ಗಿ, ವಿಸ್ತೀರ್ಣ ಒಟ್ಟು 6%ರಷ್ಟು ಏರುತ್ತದೆ. ನಾನೂರಕ್ಕೆ ಇಪ್ಪತ್ನಾಲ್ಕು ಸರಿಹೋಯಿತು.

ಪರದೆಯ ಮೇಲೆ ನಕ್ಷೆ ಮರ್ಕೇಟರ್‌ನಲ್ಲೇ ಇರಲಿ, ತೊಂದರೆಯಿಲ್ಲ. ಅಳತೆಯನ್ನು ಮಾತ್ರ ಅಲ್ಲಿಂದ ಈಚೆಗೆ ತನ್ನಿ. ಮೂರು ಜಾಗ ನೋಡಿ. ಗಡಿಯನ್ನು ಪೋಸ್ಟ್‌ಜಿಐಎಸ್ ಎಂಬ ಡೇಟಾಬೇಸಿನಲ್ಲಿ 3857ರಲ್ಲಿ ಇಟ್ಟು ನೇರವಾಗಿ ಏರಿಯಾ ಕೇಳಿದರೆ ಈ ತಪ್ಪು ಬರುತ್ತದೆ. 4326ಕ್ಕೆ, ಎಂದರೆ ಡಬ್ಲ್ಯುಜಿಎಸ್ 84ರ ಅಕ್ಷಾಂಶ ರೇಖಾಂಶಕ್ಕೆ ತಿರುಗಿಸಿ, ಭೂಮಿಯ ದುಂಡನ್ನು ಲೆಕ್ಕಕ್ಕೆ ಹಿಡಿಯುವ ಜಿಯಾಗ್ರಫಿ ಬಗೆಗೆ ಬದಲಿಸಿ ಆಮೇಲೆ ಕೇಳಿ. (ಜಿಯಾಗ್ರಫಿಗೆ ಬದಲಿಸದೆ 4326ರಲ್ಲೇ ಕೇಳಿದರೆ ಉತ್ತರ ಚದರ ಡಿಗ್ರಿಯಲ್ಲಿ ಬರುತ್ತದೆ. ನಿಮ್ಮ ಹತ್ತೆಕರೆಗೆ 0.0000034. ಎರಡು ದಶಮಾಂಶಕ್ಕೆ ಕತ್ತರಿಸಿ ತೋರಿಸುವ ಪುಟದಲ್ಲಿ ತೋಟವೇ ಸೊನ್ನೆ.) ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಆದರೆ, ಡಾಲರ್ ಚಿಹ್ನೆ ಇರುವ ಏರಿಯಾ ಪ್ರಾಜೆಕ್ಟಿನಲ್ಲಿ ಕೊಟ್ಟ ದೀರ್ಘವೃತ್ತ ಗೋಳದ ಮೇಲೆ ಅಳೆಯುತ್ತದೆ, ಚಿಹ್ನೆ ಇಲ್ಲದ, ಆವರಣ ಹಾಕಿ ಬರೆಯುವ ಏರಿಯಾ ಪದರದ ಪ್ರೊಜೆಕ್ಷನ್ನಿನಲ್ಲೇ ಅಳೆಯುತ್ತದೆ. ಹೆಸರು ಒಂದೇ, ಉತ್ತರ ಬೇರೆ. ಮೂರನೆಯದು, ಯಾರೋ ಜಾವಾಸ್ಕ್ರಿಪ್ಟ್‌ನಲ್ಲಿ ಕೈಯಾರೆ ಬರೆದ ಬಹುಭುಜದ ಸೂತ್ರ. ನಮ್ಮ ಅನುಮಾನ ಹೆಚ್ಚಾಗಿ ಇದರ ಮೇಲೆಯೇ.

ಬ್ರೌಸರಿನಲ್ಲೇ ಲೆಕ್ಕ ಬೇಕಾದರೆ ಟರ್ಫ್ ಅಥವಾ ಓಪನ್‌ಲೇಯರ್ಸ್ ಎಂಬ ಜಾವಾಸ್ಕ್ರಿಪ್ಟ್ ಸಂಗ್ರಹಗಳ ಗೋಳದ ಏರಿಯಾ ಬಳಸಿ. ಅವೂ ಭೂಮಿಯನ್ನು ಗೋಳವೆಂದೇ ತಿಳಿಯುವುದರಿಂದ, 6,371 ಕಿ.ಮೀ. ತ್ರಿಜ್ಯ ಹಿಡಿದರೆ ಹತ್ತೆಕರೆಗೆ ಒಂದೂವರೆ ಗುಂಟೆ ಹೆಚ್ಚು ತೋರಿಸುತ್ತವೆ. ಯುಟಿಎಂ (ಭೂಮಿಯನ್ನು ಆರಾರು ಡಿಗ್ರಿ ಪಟ್ಟಿಗಳಾಗಿ ಮಾಡಿ ಮೀಟರಿನಲ್ಲಿ ಅಳೆಯುವ ಪ್ರೊಜೆಕ್ಷನ್) 43 ಉತ್ತರ ವಲಯಕ್ಕೆ, ಎಂದರೆ ಇಪಿಎಸ್‌ಜಿ 32643ಕ್ಕೆ ತಿರುಗಿಸಿ ಅಳೆದರೆ ಕಾಲು ಗುಂಟೆ ಕಡಿಮೆ ಬರುತ್ತದೆ. ಎರಡರಲ್ಲಿ ಎರಡನೆಯದೇ ಮೇಲು.

ಮಲೆನಾಡಿನವರಿಗೆ ಇನ್ನೊಂದು ಮಾತು. ಪಹಣಿಯ ಎಕರೆ ಸಮತಲದ ಲೆಕ್ಕ. ಇಳಿಜಾರಿನ ಮೇಲೆ ಟೇಪು ಹಾಸಿ ಅಳೆದರೆ 15 ಡಿಗ್ರಿ ಇಳಿಜಾರಿಗೆ ಮೂರೂವರೆ ಪರ್ಸೆಂಟ್ ಹೆಚ್ಚೇ ಬರುತ್ತದೆ. ಗಿಡದ ಲೆಕ್ಕ ಹಾಕಲು ಅದು ಬೇಕಾಗಬಹುದು, ಎಕರೆಗೆ ಸೇರಿಸಬೇಡಿ. ಗಡಿ ತಕರಾರಿಗಂತೂ ಯಾವ ವೆಬ್ ನಕ್ಷೆಯೂ ಆಧಾರವಲ್ಲ.

ಪ್ರ: ಜಿಲ್ಲೆಯ ಕೆರೆಗಳ ನಕ್ಷೆ ಮಾಡುತ್ತಿದ್ದೇವೆ. ವೆಬ್ ನಕ್ಷೆ ತೋರಿಸುವ ಲೀಫ್‌ಲೆಟ್‌ನಲ್ಲಿ, ಬೇರೆ ಪ್ರೊಜೆಕ್ಷನ್ ಬಳಸಲು ಬಿಡುವ ಪ್ರೊಜ್4ಲೀಫ್‌ಲೆಟ್ ಸೇರಿಸಿ 32643ಕ್ಕೆ ಬದಲಿಸಿದ ಕೂಡಲೇ ಹಿನ್ನೆಲೆಯ ಟೈಲುಗಳು ಮಾಯ. ಕೆಲವೊಮ್ಮೆ ಹಾಸನದ ಜಾಗದಲ್ಲಿ ಸಮುದ್ರದ ನೀಲಿ ಚೌಕ ಬರುತ್ತದೆ. ಎಲ್ಲಿ ತಪ್ಪಿದ್ದೇವೆ?
ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹಾಸನ

ಉ: ನಿಮ್ಮ ಕೋಡು ಬಹುಶಃ ಸರಿಯಾಗಿಯೇ ಇದೆ. ಟೈಲು ಎಂದರೆ ಮೊದಲೇ ಬೇಯಿಸಿಟ್ಟ ಅಡುಗೆ. ಸರ್ವರಿನಲ್ಲಿ ಇರುವ ಪ್ರತಿ ಚೌಕವೂ 3857ರಲ್ಲಿ ಕತ್ತರಿಸಿದ್ದು. ಲೀಫ್‌ಲೆಟ್‌ಗೆ ಪ್ರೊಜೆಕ್ಷನ್ ಬದಲಿಸಿ ಹೇಳಿದರೆ ಅದು ಹೊಸ ಜಾಲರಿಯ ಪ್ರಕಾರ "ಇಷ್ಟನೇ ಸಾಲು, ಇಷ್ಟನೇ ಕಾಲಮ್ಮು ಕೊಡು" ಎಂದು ಕೇಳುತ್ತದೆ. ಸರ್ವರು ಹಳೆ ಜಾಲರಿಯ ಅದೇ ಸಂಖ್ಯೆಯ ಚೌಕ ಕೊಡುತ್ತದೆ. ಅದು ಅಟ್ಲಾಂಟಿಕ್ ಆಗಿದ್ದರೆ ಅಟ್ಲಾಂಟಿಕ್. ಲೀಫ್‌ಲೆಟ್ ಚಿತ್ರವನ್ನು ಬಗ್ಗಿಸುವುದಿಲ್ಲ, ಜೋಡಿಸುತ್ತದೆ ಅಷ್ಟೆ. ಬೇರೆ ಪ್ರೊಜೆಕ್ಷನ್ ಬಯಸುವವರು ಮೊದಲು ಎಡವುವ ಜಾಗ ಇದೇ. ಲೆಕ್ಕದ ಸೂತ್ರ ಎಲ್ಲರಿಗೂ ಸಿಗುತ್ತದೆ, ಹಿನ್ನೆಲೆ ನಕ್ಷೆ ಸಿಗುವುದಿಲ್ಲ.

ದಾರಿಗಳು ನಾಲ್ಕು. ಹಿನ್ನೆಲೆ ಬೇಡವೇ ಬೇಡ ಎಂದು ತಾಲ್ಲೂಕು ಗಡಿ, ರಸ್ತೆ, ಹೊಳೆ, ಕೆರೆಗಳನ್ನು ನೀವೇ ಜಿಯೋಜೇಸನ್ ಫೈಲಿನಿಂದ (ಬಿಂದು, ಗಡಿಗಳ ಅಕ್ಷಾಂಶ ರೇಖಾಂಶ ಬರೆದಿಡುವ ಬಗೆ) ಬಿಡಿಸುವುದು ಒಂದು. ಕೆರೆಯ ನಕ್ಷೆಗೆ ಇದೇ ಚೆಂದ. ಬೇಡದ ಅಂಗಡಿ ಹೆಸರುಗಳ ಗದ್ದಲ ಇರುವುದಿಲ್ಲ. ಎರಡನೆಯದು, 32643ರಲ್ಲಿ ಚಿತ್ರ ಕೊಡುವ ಡಬ್ಲ್ಯುಎಂಎಸ್ ಸೇವೆ ಹುಡುಕುವುದು; ಆ ಸೇವೆಯ ಸಾಮರ್ಥ್ಯ ಪಟ್ಟಿಯಲ್ಲಿ ಈ ಸಂಖ್ಯೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮೂರನೆಯದು ಓಪನ್‌ಲೇಯರ್ಸ್‌ಗೆ ಹೋಗುವುದು. ಅದು 3857ರ ಟೈಲನ್ನು ಸಣ್ಣ ತ್ರಿಕೋನಗಳಾಗಿ ಒಡೆದು ಬ್ರೌಸರಿನಲ್ಲೇ ಬಗ್ಗಿಸಿ ಹೊಸ ಪ್ರೊಜೆಕ್ಷನ್ನಿಗೆ ಹೊಂದಿಸುತ್ತದೆ. ಊರ ಹೆಸರುಗಳು ಟೈಲಿನೊಳಗೇ ಅಚ್ಚಾಗಿರುವುದರಿಂದ ಅಕ್ಷರ ಸ್ವಲ್ಪ ಮಸುಕಾಗುತ್ತದೆ, ಹಳೆಯ ಮೊಬೈಲು ತುಸು ಮುಗ್ಗರಿಸುತ್ತದೆ.

ನಾಲ್ಕನೆಯದು ಸ್ವಂತ ಟೈಲು. ಹಾಸನ ಜಿಲ್ಲೆಯ ಮಟ್ಟಿಗೆ ಇದೇನೂ ದೊಡ್ಡ ಕೆಲಸವಲ್ಲ. ಯುಟಿಎಂ 43ರಲ್ಲಿ ಜಿಲ್ಲೆ ಪೂರ್ತಿ ಈ ಚೌಕಟ್ಟಿನೊಳಗೆ ಕೂರುತ್ತದೆ: ಪೂರ್ವಾಂಕ 5,50,000ದಿಂದ 6,90,000, ಉತ್ತರಾಂಕ 13,75,000ದಿಂದ 15,05,000 ಮೀಟರ್. ನಕ್ಷೆ ಚಿತ್ರಗಳ ಪ್ರೊಜೆಕ್ಷನ್ ಬದಲಿಸುವ ಜಿಡಾಲ್ ತಂತ್ರಾಂಶದ ವಾರ್ಪ್ ಆದೇಶಕ್ಕೆ ಈ ನಾಲ್ಕು ಅಂಕಿ, ಗುರಿ 32643, ಪಿಕ್ಸೆಲ್ 2 ಮೀಟರ್ ಎಂದು ಕೊಡಿ. ಹೊರಬಂದ ಚಿತ್ರವನ್ನು ಜಿಡಾಲ್‌ನದೇ ಟೈಲ್ ಕತ್ತರಿಸುವ ಸಾಧನಕ್ಕೆ ಹಾಕಿ, ಪ್ರೊಫೈಲ್ ರಾಸ್ಟರ್ ಎಂದು ಆರಿಸಿ. ಪ್ರೊಫೈಲ್ ಹೇಳಲು ಮರೆತರೆ ಅದು ಸದ್ದಿಲ್ಲದೆ ಮತ್ತೆ ಮರ್ಕೇಟರ್‌ಗೇ ಕತ್ತರಿಸುತ್ತದೆ. ಎಕ್ಸ್‌ವೈಝಡ್ ಆಯ್ಕೆಯನ್ನೂ ಕೊಡಿ. ಇಲ್ಲದಿದ್ದರೆ ಸಾಲುಗಳ ಎಣಿಕೆ ಕೆಳಗಿನಿಂದ ಮೇಲಕ್ಕೆ ಹೋಗಿ, ಚನ್ನರಾಯಪಟ್ಟಣ ಇರಬೇಕಾದಲ್ಲಿ ಬೇರೆ ಯಾವುದೋ ಊರು ಬಂದು ಕೂರುತ್ತದೆ.

ಈಗ ಲೀಫ್‌ಲೆಟ್ ಕಡೆ. ರೆಸಲ್ಯೂಷನ್ (ಒಂದು ಪಿಕ್ಸೆಲ್‌ಗೆ ಎಷ್ಟು ಮೀಟರ್) ಪಟ್ಟಿಯಲ್ಲಿ 1024, 512, 256 ಎಂದು ಅರ್ಧ ಮಾಡುತ್ತ 2ರ ತನಕ ಹತ್ತು ಅಂಕಿ. ಮೂಲಬಿಂದು ಚೌಕಟ್ಟಿನ ಎಡ ಮೇಲ್ಮೂಲೆ: 5,50,000, 15,05,000. ಕತ್ತರಿಸಿದ ಚಿತ್ರದ ಮೂಲೆಗೂ ಇಲ್ಲಿ ಬರೆದದ್ದಕ್ಕೂ ಒಂದು ಮೀಟರೂ ವ್ಯತ್ಯಾಸ ಇರಬಾರದು. ನಕ್ಷೆ ಕಾಣುತ್ತಿದೆ, ಆದರೆ ಕೆರೆಗಳೆಲ್ಲ ಒಂದೇ ದಿಕ್ಕಿಗೆ ಸಮನಾಗಿ ಸರಿದಿವೆ ಎಂದರೆ ಮೂಲಬಿಂದು ತಪ್ಪು. ಒಂದು ಝೂಮಿನಲ್ಲಿ ಸರಿ, ಮುಂದಿನದರಲ್ಲಿ ತಪ್ಪು ಎಂದರೆ ರೆಸಲ್ಯೂಷನ್ ಪಟ್ಟಿ ತಪ್ಪು.

2 ಮೀಟರಿಗೆ ನಿಲ್ಲಿಸಿ ಎಂದದ್ದು ಸುಮ್ಮನಲ್ಲ. ಆ ಮಟ್ಟದಲ್ಲಿ 274 ಗುಣಿಸು 254, ಸುಮಾರು 70 ಸಾವಿರ ಟೈಲು. ಆಸೆಪಟ್ಟು ಅರ್ಧ ಮೀಟರಿಗೆ ಇಳಿದರೆ ಹನ್ನೊಂದು ಲಕ್ಷ ದಾಟುತ್ತದೆ. ಡಿಸ್ಕಿನಲ್ಲಿ ಜಾಗ ಇದ್ದರೂ ಅಷ್ಟು ಚಿಲ್ಲರೆ ಫೈಲುಗಳನ್ನು ಸರ್ವರಿಗೆ ಏರಿಸುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ.

ಪ್ರ: ಆನೆ ಕಂಡ ಜಾಗದ ಸುತ್ತ 5 ಕಿ.ಮೀ. ವೃತ್ತ ಎಳೆದು ಆ ಒಳಗಿನ ಊರುಗಳ ಪಟ್ಟಿ ತೆಗೆಯುತ್ತೇವೆ. ಅಂಚಿನ ಒಂದೆರಡು ಹಳ್ಳಿ ಯಾವಾಗಲೂ ತಪ್ಪಿಹೋಗುತ್ತವೆ.
ಸಕಲೇಶಪುರ

ಉ: 3857ರಲ್ಲಿ 5,000 ಎಂದು ಬಫರ್ (ಬಿಂದುವಿನ ಸುತ್ತಲ ವೃತ್ತ) ಕೊಟ್ಟಿದ್ದೀರಿ. ಆ 5,000 ನೆಲದ ಮೀಟರ್ ಅಲ್ಲ, ಹಿಗ್ಗಿದ ನಕ್ಷೆಯ ಮೀಟರ್. ಸಕಲೇಶಪುರದಲ್ಲಿ ಅದು ನೆಲದ ಮೇಲೆ ಪೂರ್ವ ಪಶ್ಚಿಮಕ್ಕೆ ಸುಮಾರು 125 ಮೀಟರ್, ಉತ್ತರ ದಕ್ಷಿಣಕ್ಕೆ ಸುಮಾರು 155 ಮೀಟರ್ ಕಡಿಮೆ. ಬಫರನ್ನು 32643ರಲ್ಲಿ ಮಾಡಿ ತೋರಿಸಲು ಮಾತ್ರ ವಾಪಸ್ ತಿರುಗಿಸಿ, ಇಲ್ಲವೇ ಜಿಯಾಗ್ರಫಿ ಬಗೆಯ ಮೇಲೆ ದೂರ ಕೇಳಿ. ಲೀಫ್‌ಲೆಟ್‌ನ ಸ್ವಂತ ವೃತ್ತ ಅಕ್ಷಾಂಶ ನೋಡಿಯೇ ತ್ರಿಜ್ಯ ಹಾಕುತ್ತದೆ, ಅದನ್ನು ನಂಬಬಹುದು. ಹಾಗಾಗಿ ಪರದೆಯ ವೃತ್ತಕ್ಕೂ ನಿಮ್ಮ ಪಟ್ಟಿಗೂ ತಾಳೆಯಾಗದೆ ಇನ್ನಷ್ಟು ಗೊಂದಲ. ಅಂದಹಾಗೆ, ಎಚ್ಚರಿಕೆ ಕಳಿಸುವ ಕೆಲಸಕ್ಕೆ ವೃತ್ತವನ್ನು ಅರ್ಧ ಕಿಲೋಮೀಟರು ದೊಡ್ಡದು ಮಾಡಿದರೆ ಯಾರಿಗೂ ನಷ್ಟವಿಲ್ಲ.

ಪ್ರ: ಶಾಲೆಯ ವೆಬ್‌ಸೈಟಿಗೆ ಕಾಫಿ ಬೆಳೆಯುವ ದೇಶಗಳ ಜಗತ್ತಿನ ನಕ್ಷೆ ಬೇಕು. ಮೋಕಾದಿಂದ ನಮ್ಮ ಗಿರಿಗೆ ಕಾಫಿ ಬಂದ ಗೆರೆಯನ್ನೂ ತೋರಿಸಬೇಕು. ಯಾವ ಪ್ರೊಜೆಕ್ಷನ್?
ಪ್ರೌಢಶಾಲಾ ಶಿಕ್ಷಕಿ, ಚಿಕ್ಕಮಗಳೂರು

ಉ: ಈಕ್ವಲ್ ಅರ್ತ್. 2018ರಲ್ಲಿ ಬೋಯಾನ್ ಶಾವ್ರಿಚ್, ಟಾಮ್ ಪ್ಯಾಟರ್ಸನ್, ಬರ್ನ್‌ಹಾರ್ಡ್ ಯೆನ್ನಿ ರೂಪಿಸಿದ್ದು. ವಿಸ್ತೀರ್ಣಗಳ ಅನುಪಾತ ಕೆಡುವುದಿಲ್ಲ, ನೋಡಲೂ ಒರಟಾಗಿಲ್ಲ. ಕಾಫಿಗೆ ಮರ್ಕೇಟರ್ ಮಾಡುವಷ್ಟು ಅನ್ಯಾಯ ಇನ್ನಾವ ಬೆಳೆಗೂ ಮಾಡಿರಲಾರದು. ಬ್ರೆಜಿಲ್, ಇಥಿಯೋಪಿಯಾ, ವಿಯೆಟ್ನಾಂ, ನಾವು, ಕಾಫಿಯವರೆಲ್ಲ ಇರುವುದು ನಕ್ಷೆ ಹಿಗ್ಗದ ನಡುಪಟ್ಟಿಯಲ್ಲಿ. 72 ಡಿಗ್ರಿ ಅಕ್ಷಾಂಶದಲ್ಲಿ ಮರ್ಕೇಟರ್ ವಿಸ್ತೀರ್ಣವನ್ನು ಹತ್ತು ಪಟ್ಟು ಉಬ್ಬಿಸುತ್ತದೆ. 22 ಲಕ್ಷ ಚದರ ಕಿ.ಮೀ.ಗೂ ಕಡಿಮೆ ಇರುವ ಗ್ರೀನ್‌ಲ್ಯಾಂಡ್, 85 ಲಕ್ಷದ ಬ್ರೆಜಿಲ್‌ಗಿಂತ ದೊಡ್ಡದಾಗಿ ಕಾಣುವುದು ಹಾಗೆ.

ಇದಕ್ಕೆ ಟೈಲು ಬೇಡ. ಡಿ3 ಜಿಯೋ ಎಂಬ ಜಾವಾಸ್ಕ್ರಿಪ್ಟ್ ಸಂಗ್ರಹದಲ್ಲಿ ಈಕ್ವಲ್ ಅರ್ತ್ ಸಿದ್ಧವಾಗಿಯೇ ಇದೆ. ಭಾರತ ನಡುವೆ ಬರಲೆಂದು 76 ಡಿಗ್ರಿ ರೇಖಾಂಶವನ್ನು ಮಧ್ಯಕ್ಕೆ ತಿರುಗಿಸಲು ಮನಸ್ಸಾಗುತ್ತದೆ. ಹಾಗೆ ಮಾಡಿದರೆ ನಕ್ಷೆಯ ಅಂಚು ಪಶ್ಚಿಮ 104 ಡಿಗ್ರಿಯಲ್ಲಿ ಬಿದ್ದು ಮೆಕ್ಸಿಕೋ ಎರಡು ತುಂಡು. ಅದೂ ಕಾಫಿ ದೇಶವೇ. ಪೂರ್ವ 11 ಡಿಗ್ರಿಯನ್ನು ಮಧ್ಯಕ್ಕಿಟ್ಟರೆ ಸೀಳು ಬೇರಿಂಗ್ ಜಲಸಂಧಿಯ ಹತ್ತಿರದ ನೀರಿಗೆ ಹೋಗುತ್ತದೆ.

ಮೊದಲ ಸಲ ಓಡಿಸಿದಾಗ ಇಡೀ ಪುಟ ಒಂದೇ ಬಣ್ಣಕ್ಕೆ ತಿರುಗಿ ದೇಶಗಳು ಕಾಣದೇ ಹೋದರೆ ಗಾಬರಿ ಬೇಡ. ಜಿಯೋಜೇಸನ್ ನಿಯಮದಲ್ಲಿ ದೇಶದ ಹೊರಗಡಿಯನ್ನು ಅಪ್ರದಕ್ಷಿಣವಾಗಿ ಬರೆಯುತ್ತಾರೆ. ಡಿ3 ಪ್ರದಕ್ಷಿಣವಾಗಿ ಓದುತ್ತದೆ. ತಿರುವು ಉಲ್ಟಾ ಆದರೆ "ಈ ದೇಶ ಬಿಟ್ಟು ಉಳಿದ ಭೂಮಿಯೆಲ್ಲ" ಎಂದು ಅರ್ಥ ಮಾಡಿಕೊಂಡು ಬಣ್ಣ ಬಳಿಯುತ್ತದೆ. ಟರ್ಫ್‌ನ ರಿವೈಂಡ್‌ಗೆ ರಿವರ್ಸ್ ಎಂದು ಕೊಟ್ಟು ಒಮ್ಮೆ ತಿರುಗಿಸಿಟ್ಟರೆ ಸಾಕು.

ಮೋಕಾ ಗೆರೆ ಮಕ್ಕಳಿಗೆ ಒಳ್ಳೆ ಪಾಠ. ಬಾಬಾಬುಡನ್ ಏಳು ಬೀಜ ತಂದರೆಂದು ಐತಿಹ್ಯ ಹೇಳುವ ಯೆಮನ್‌ನ ಮೋಕಾ ಬಂದರು ಮತ್ತು ಚಿಕ್ಕಮಗಳೂರು, ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ: 13 ಡಿಗ್ರಿ 19 ಮಿನಿಟು. ಮರ್ಕೇಟರ್‌ನಲ್ಲಿ ಎರಡನ್ನೂ ಕೂಡಿಸಿದರೆ ಹಗ್ಗ ಎಳೆದಂತೆ ಅಡ್ಡಗೆರೆ. ಅದನ್ನು ನಕ್ಷೆಯ ಮೀಟರಿನಲ್ಲಿ ಅಳೆದರೆ 3,620 ಕಿ.ಮೀ.; ನಿಜವಾದ ಹತ್ತಿರದ ದೂರ 3,520 ಕಿ.ಮೀ. ಆಸುಪಾಸು. ಆ ಹತ್ತಿರದ ದಾರಿಯೂ ಅಡ್ಡಗೆರೆಯಲ್ಲ. ನಡುವೆ ಅರಬ್ಬೀ ಸಮುದ್ರದಲ್ಲಿ ಅರ್ಧ ಡಿಗ್ರಿಗೂ ಮೀರಿ, ಸುಮಾರು 60 ಕಿ.ಮೀ. ಉತ್ತರಕ್ಕೆ ಬಾಗುತ್ತದೆ. ಇಷ್ಟು ಬಾಗಿದರೂ ಉಳಿಯುವುದು ಎರಡೂವರೆ ಕಿಲೋಮೀಟರು ಮಾತ್ರ. ಡಿ3ಗೆ ಎರಡು ತುದಿ ಕೊಟ್ಟರೆ ಈ ಬಾಗನ್ನು ಅದೇ ಬಿಡಿಸುತ್ತದೆ. (ಹಡಗು ಹಾಗೇ ಬಂದಿತ್ತು ಎಂದು ಮಾತ್ರ ಬರೆಯಬೇಡಿ.)

ಮಕ್ಕಳು ತಿರುಗಿಸಿ ನೋಡಲಿ ಎಂದಾದರೆ ಮ್ಯಾಪ್‌ಲಿಬ್ರೆ ಎಂಬ ವೆಬ್ ನಕ್ಷೆ ಸಂಗ್ರಹದ 5ನೇ ಆವೃತ್ತಿಯಿಂದ ಗೋಳದ ನೋಟ ಇದೆ. ಸ್ಟೈಲ್ ಲೋಡ್ ಆದ ಮೇಲೆ ಪ್ರೊಜೆಕ್ಷನ್ ಗ್ಲೋಬ್ ಎಂದು ಹೇಳಬೇಕು. ಹತ್ತಿರ ಹೋದಂತೆ ಅದು ತಾನಾಗಿ ಮರ್ಕೇಟರ್‌ಗೆ ಮರಳುತ್ತದೆ.

ದೇಶಗಳ ಗಡಿಗೆ ನ್ಯಾಚುರಲ್ ಅರ್ತ್ ದತ್ತಾಂಶ ಇಳಿಸುವವರು ಭಾರತದ ನಿಲುವಿನ ಆವೃತ್ತಿಯನ್ನೇ ಆರಿಸಿ, ಅದನ್ನೂ ಸರ್ವೆ ಆಫ್ ಇಂಡಿಯಾ ನಕ್ಷೆಯೊಂದಿಗೆ ತಾಳೆ ನೋಡಿ. ಆ ನಕ್ಷೆಗೆ ಹೊಂದದ ಗಡಿ ಪ್ರಕಟಿಸುವುದು 1961ರ ಕಾಯಿದೆಯಲ್ಲಿ ಅಪರಾಧ, ಶಾಲೆಯೆಂದು ವಿನಾಯಿತಿ ಇಲ್ಲ.

ಪ್ರ: ಹಳೆಯ ಟೋಪೋಶೀಟು (ಸರ್ವೆ ಆಫ್ ಇಂಡಿಯಾ ಅಚ್ಚು ಹಾಕಿದ ನಕ್ಷೆ ಹಾಳೆ) ಸ್ಕ್ಯಾನ್ ಮಾಡಿ ಈಗಿನ ನಕ್ಷೆಯ ಮೇಲೆ ಹೊದಿಸಿದರೆ ದೇವಸ್ಥಾನ, ಕೆರೆ ಏರಿ ಎಲ್ಲ ಒಂದೇ ಕಡೆಗೆ ಸರಿದಿವೆ.
ಬೇಲೂರು

ಉ: ನಿಮ್ಮ ಹಾಳೆ 48 ಓ/16 ಇರಬೇಕು, ಅಕ್ಷಾಂಶ 13°00'ಯಿಂದ 13°15', ರೇಖಾಂಶ 75°45'ಯಿಂದ 76°00'. ಹಳೆ ಹಾಳೆಗಳು ಪಾಲಿಕೋನಿಕ್ ಪ್ರೊಜೆಕ್ಷನ್ನಿನವು. ಒಂದು ಹಾಳೆಯಷ್ಟು ಜಾಗದಲ್ಲಿ ಅದರ ಬಾಗು ಲೆಕ್ಕಕ್ಕೆ ಬರುವಷ್ಟಿಲ್ಲ, ಹಾಗಾಗಿ ತಪ್ಪನ್ನು ಅಲ್ಲಿ ಹುಡುಕಬೇಡಿ. ತಪ್ಪಿರುವುದು ಡೇಟಮ್‌ನಲ್ಲಿ, ಎಂದರೆ ಅಕ್ಷಾಂಶ ರೇಖಾಂಶ ಅಳೆಯಲು ಹಿಡಿದ ಭೂಮಿಯ ಮಾದರಿಯಲ್ಲಿ. ಹಾಳೆಯ ಮೂಲೆಯಲ್ಲಿ ಅಚ್ಚಾದ 13°00' ಎವರೆಸ್ಟ್ ಗೋಳದ್ದು, ಜಿಪಿಎಸ್‌ನ 13°00' ಡಬ್ಲ್ಯುಜಿಎಸ್ 84ರದ್ದು. ನಮ್ಮ ಕಡೆ ಇವೆರಡರ ನಡುವೆ ನೂರಿನ್ನೂರು ಮೀಟರ್ ಅಂತರ. ಕ್ಯೂಜಿಐಎಸ್‌ನಲ್ಲಿ ನಾಲ್ಕು ಮೂಲೆ ಕೂಡಿಸುವಾಗ ಗುರಿಯನ್ನು ಎವರೆಸ್ಟ್ ಗೋಳದ ಡೇಟಮ್ ಆದ ಕಲ್ಯಾಣಪುರ 1975, ಇಪಿಎಸ್‌ಜಿ 4146 ಎಂದು ಕೊಡಿ. ಆಮೇಲೆ ವೆಬ್ಬಿಗಾಗಿ 3857ಕ್ಕೆ ತಿರುಗಿಸಿ. ಇಷ್ಟಾದ ಮೇಲೂ ಹತ್ತಿಪ್ಪತ್ತು ಮೀಟರ್ ಉಳಿದರೆ ಅದು ಸ್ಕ್ಯಾನಿಗೆ ಮುನ್ನ ಹಾಳೆಯೇ ಹಿಗ್ಗಿ ಕುಗ್ಗಿದ್ದು. ಮಳೆನಾಡಿನ ಕಾಗದ!

ಪ್ರ: ಇಡೀ ರಾಜ್ಯದ ತಾಲ್ಲೂಕುವಾರು ಮಳೆ ನಕ್ಷೆಗೆ 32643 ಸಾಕೇ? ದೇಶದ ನಕ್ಷೆಗೆ ಬಳಸುವ ಲ್ಯಾಂಬರ್ಟ್ ಹಾಕಿದರೆ ಕರ್ನಾಟಕ ವಾಲಿದಂತೆ ಕಾಣುತ್ತದೆ.
ಅರಸೀಕೆರೆ

ಉ: ವಾಲುವುದು ನಿಜ. ನೀವು ಹೇಳುವ ಲ್ಯಾಂಬರ್ಟ್‌ನ, ಎಂದರೆ ಇಪಿಎಸ್‌ಜಿ 7755ರ, ಮಧ್ಯರೇಖೆ 80 ಡಿಗ್ರಿ. ನಾವು ಅದರ ಪಶ್ಚಿಮಕ್ಕಿರುವುದರಿಂದ ಹಾಸನದಲ್ಲಿ ನಿಜವಾದ ಉತ್ತರ ನಕ್ಷೆಯ ಮೇಲ್ಮುಖಕ್ಕಿಂತ ಸುಮಾರು 1.6 ಡಿಗ್ರಿ ಬಲಕ್ಕೆ ಬಾಗುತ್ತದೆ. ಅದು ದೇಶಕ್ಕೆ ಹೊಲಿದ ಅಂಗಿ. ಯುಟಿಎಂ 43ರ ಪಟ್ಟಿ 78 ಡಿಗ್ರಿಗೆ ಮುಗಿಯುತ್ತದೆ, ಕೋಲಾರದ ಕಡೆ ರಾಜ್ಯ ಅದನ್ನು ದಾಟುತ್ತದೆ. ಸ್ವಲ್ಪ ಹೊರಚಾಚಿದರೆ ಆಕಾಶ ಬೀಳುವುದಿಲ್ಲ, ಆದರೂ ಬಣ್ಣ ತುಂಬುವ ನಕ್ಷೆಗೆ ಸಮ ವಿಸ್ತೀರ್ಣದ ಆಲ್ಬರ್ಸ್ ಶಂಕು ಪ್ರೊಜೆಕ್ಷನ್ ಮೇಲು. ಅಕ್ಷಾಂಶದ ಹರವನ್ನು ಆರು ಪಾಲು ಮಾಡಿ, ಎರಡು ತುದಿಯಿಂದಲೂ ಒಂದೊಂದು ಪಾಲು ಒಳಗೆ ಬಂದು ಪ್ರಮಾಣ ಅಕ್ಷಾಂಶ (ಅಳತೆ ಕೆಡದ ಅಕ್ಷಾಂಶ) ಇಡುವುದು ರೂಢಿ. ಕರ್ನಾಟಕ 11.5ರಿಂದ 18.5, ಪ್ರಮಾಣ ಅಕ್ಷಾಂಶ 12.7 ಮತ್ತು 17.3, ಮಧ್ಯರೇಖೆ 76.3. ಡಿ3ಯಲ್ಲಿ ಕೋನಿಕ್ ಈಕ್ವಲ್ ಏರಿಯಾಗೆ ಈ ಮೂರು ಅಂಕಿ ಕೊಟ್ಟರೆ ಕರ್ನಾಟಕ ನೆಟ್ಟಗೆ ನಿಲ್ಲುತ್ತದೆ. ತಿರುಗಿಸುವ ಅಂಕಿಗೆ ಮೈನಸ್ ಹಾಕಲು ಮರೆಯಬೇಡಿ, ಮೈನಸ್ 76.3, ಮರೆತರೆ ಶಂಕು ಅಮೆರಿಕದ ಕಡೆ ತಿರುಗುತ್ತದೆ.

ಮರ್ಕೇಟರ್‌ನಲ್ಲೇ ಬಿಟ್ಟರೆ ಎಷ್ಟು ಕೆಡುತ್ತದೆ? ಚಾಮರಾಜನಗರಕ್ಕೆ ಹೋಲಿಸಿದರೆ ಬೀದರ್ ಆರು ಪರ್ಸೆಂಟಿನಷ್ಟು ದೊಡ್ಡದಾಗಿ ಕಾಣುತ್ತದೆ. ಕಣ್ಣಿಗೆ ಗೊತ್ತಾಗದು. ಹಿನ್ನೆಲೆ ಟೈಲು ಬೇಕೇ ಬೇಕು ಎಂದಾದರೆ ಈ ಆರು ಪರ್ಸೆಂಟಿಗಾಗಿ ಒದ್ದಾಡಬೇಡಿ. ಟೈಲು ಇಲ್ಲದ ನಕ್ಷೆಯಾದರೆ ಒಂದು ಸಾಲಿನ ಕೆಲಸ, ಮಾಡಿಬಿಡಿ. ಒಂದೇ ಜಿಲ್ಲೆಯ ನಕ್ಷೆಗಂತೂ ತೋರಿಕೆಯ ಪ್ರೊಜೆಕ್ಷನ್ ಬಗ್ಗೆ ತಲೆಬಿಸಿಯೇ ಬೇಡ.

ಪ್ರ: ಕಡೂರಿನ ಕೊಳವೆಬಾವಿಗಳ ಬಿಂದುಗಳು ಒಮ್ಮೆ ಆಫ್ರಿಕಾದ ಪಕ್ಕ ನೀರಿನಲ್ಲಿ, ಇನ್ನೊಮ್ಮೆ ನಾರ್ವೆಯ ಮೇಲುಗಡೆ ಕಡಲಿನಲ್ಲಿ ಬೀಳುತ್ತಿವೆ.
ಕಡೂರು

ಉ: ಆಫ್ರಿಕಾ ಪಕ್ಕ, ಗಿನಿ ಕೊಲ್ಲಿಯಲ್ಲಿ ಎಲ್ಲ ಬಿಂದುಗಳೂ ಒಂದೇ ಚುಕ್ಕೆಯಾಗಿ ರಾಶಿ ಬಿದ್ದಿದ್ದರೆ, ಡಿಗ್ರಿಯಲ್ಲಿರುವ ದತ್ತಾಂಶಕ್ಕೆ 3857 ಎಂದು ಚೀಟಿ ಅಂಟಿಸಿದ್ದೀರಿ. 76 ಡಿಗ್ರಿ, 13 ಡಿಗ್ರಿ ಎಂಬುದನ್ನು ಸೊನ್ನೆ ಬಿಂದುವಿನಿಂದ 76 ಮೀಟರ್, 13 ಮೀಟರ್ ಎಂದು ಓದಿಕೊಂಡಿದೆ. ಚೀಟಿಯನ್ನು 4326 ಎಂದು ಸರಿಪಡಿಸಿ. ತಿರುಗಿಸುವ ಆದೇಶ ಕೊಡಬೇಡಿ, ಅದು ತಪ್ಪನ್ನೇ ತಿರುಗಿಸುತ್ತದೆ. ನಾರ್ವೆಯ ಮೇಲುಗಡೆ, ಸ್ವಾಲ್ಬಾರ್ಡ್ ದ್ವೀಪಗಳ ನೈಋತ್ಯದ ಕಡಲಿನಲ್ಲಿ ಬಿದ್ದರೆ ಅಕ್ಷಾಂಶ ರೇಖಾಂಶ ಅದಲುಬದಲು. ಲೀಫ್‌ಲೆಟ್ ಅಕ್ಷಾಂಶ ಮೊದಲು ಕೇಳುತ್ತದೆ, ಜಿಯೋಜೇಸನ್ ರೇಖಾಂಶ ಮೊದಲು. ಡಬ್ಲ್ಯುಎಂಎಸ್ 1.1.1ರಲ್ಲಿ 4326ಕ್ಕೆ ರೇಖಾಂಶ ಮೊದಲು, 1.3.0ದಲ್ಲಿ ಅಕ್ಷಾಂಶ ಮೊದಲು. ಎಕ್ಸೆಲ್ ಹಾಳೆಯ ಕಾಲಮ್ಮಿಗೆ "ಎಕ್ಸ್, ವೈ" ಎಂದು ಬರೆಯದೆ "ರೇಖಾಂಶ, ಅಕ್ಷಾಂಶ" ಎಂದೇ ಬರೆದಿಡಿ.